ಮಿದುಳಿದ್ದ ಜಾಗದಲ್ಲಿ ಜೇಡಿಮಣ್ಣು

ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಮೆಜಾನ್ ಕ್ರೀಕ್ ಎಂಬ ಹೊಳೆಯ ಸುತ್ತಮುತ್ತ, ಹಿಂದೆ ಕಲ್ಲಿದ್ದಲಿಗಾಗಿ ಅಗೆದು ರಾಶಿ ಹಾಕಿದ ಮಣ್ಣಿನ ಗುಡ್ಡೆಗಳಲ್ಲಿ ಕಂದು ಬಣ್ಣದ ಉಂಡೆಗಲ್ಲುಗಳು ಸಿಗುತ್ತವೆ. ಸುತ್ತಿಗೆಯಿಂದ ತಟ್ಟಿದರೆ ಕೆಲವು ಸರಿಯಾಗಿ ಎರಡು ಹೋಳಾಗುತ್ತವೆ. ಒಳಗೆ ಸುಮಾರು 31 ಕೋಟಿ ವರ್ಷಗಳ ಹಿಂದಿನ ಜರೀಗಿಡದ ಎಲೆ, ಹುಳು, ಸೀಗಡಿ, ಅಪರೂಪಕ್ಕೊಮ್ಮೆ ಕುದುರೆಲಾಳದ ಏಡಿ. ಯೂಪ್ರೂಪ್ಸ್ ಡೇನೆ ಎಂಬ ಜಾತಿಯ ಅಂಥದೊಂದು ಏಡಿಯ ತಲೆಯ ನಡುವೆ ಬಿಳಿಯ ಗುರುತೊಂದಿರುವುದನ್ನು 2021ರಲ್ಲಿ ವಿಜ್ಞಾನಿಗಳು ವಿವರಿಸಿದರು. ಅದು ಮಿದುಳಿನ ಆಕಾರ. ನರಗಳು ಕಣ್ಣಿನತ್ತ, ಕಾಲುಗಳತ್ತ ಕವಲೊಡೆದದ್ದೂ ಗೊತ್ತಾಗುವಷ್ಟು ಸ್ಪಷ್ಟ. ಆಕಾರವಷ್ಟೇ ಮಿದುಳಿನದು, ವಸ್ತು ಕಯೋಲಿನೈಟ್, ಅಂದರೆ ಪಿಂಗಾಣಿ ಮಾಡಲು ಬಳಸುವ ಬಿಳಿಯ ಜೇಡಿಮಣ್ಣು. ಮಿದುಳು ಕೊಳೆತುಹೋಗಿ ಉಳಿದ ಪೊಳ್ಳನ್ನು ಆ ಮಣ್ಣು ತುಂಬಿಕೊಂಡಿತ್ತು. ಛಾಂದೋಗ್ಯ ಉಪನಿಷತ್ತಿನ ಆರನೆಯ ಅಧ್ಯಾಯವನ್ನು ಬಲ್ಲವರಿಗೆ ಈ ಬಿಳಿಯ ಗುರುತು ಸ್ವಲ್ಪ ಇರಿಸುಮುರಿಸು ತರಬೇಕು. ಅಲ್ಲಿ ಉದ್ದಾಲಕ ತನ್ನ ಮಗ ಶ್ವೇತಕೇತುವಿಗೆ ಮಣ್ಣಿನ ದೃಷ್ಟಾಂತ ಕೊಡುತ್ತಾನೆ: ಒಂದು ಮುದ್ದೆ ಮಣ್ಣನ್ನು ಅರಿತರೆ ಮಣ್ಣಿನಿಂದಾದುದನ್ನೆಲ್ಲ ಅರಿತಂತೆ, ಗಡಿಗೆ ಕುಡಿಕೆಗಳೆಂಬ ಭೇದವೆಲ್ಲ ಮಾತಿನದು, ದಿಟವಾಗಿ ಇರುವುದು ಮಣ್ಣು. ಮೆಜಾನ್ ಕ್ರೀಕಿನ ಕಲ್ಲಿನಲ್ಲಿ ಈ ಲೆಕ್ಕ ತಲೆಕೆಳಗಾಗಿದೆ. ಅಲ್ಲಿ ಮಣ್ಣು ಆಮೇಲೆ ಬಂದದ್ದು. ಮೊದಲೂ ಇದ್ದು ಈಗಲೂ ಇರುವುದು ಆಕಾರ. ಹಾಗಾದರೆ ಏನು ಉಳಿದಾಗ ಒಂದು ವಸ್ತು ಉಳಿಯಿತು ಎನ್ನಬೇಕು?

ಕುದುರೆಲಾಳದ ಏಡಿ ಎಂಬ ಹೆಸರು ಕನ್ನಡಕ್ಕೆ ಬಂದದ್ದು ಪುಸ್ತಕ, ಪತ್ರಿಕೆಗಳ ಮೂಲಕ. ನಮ್ಮ ಕರಾವಳಿಯ ಪ್ರಾಣಿ ಅದಲ್ಲ; ಭಾರತದಲ್ಲಿ ಅದನ್ನು ನೋಡಬೇಕಾದರೆ ಒಡಿಶಾದ ಬಾಲಸೋರ್, ಚಾಂದೀಪುರದ ಕಡೆಗೋ ಬಂಗಾಳದ ಸುಂದರಬನಕ್ಕೋ ಹೋಗಬೇಕು. ಹೆಸರಿನ ಉತ್ತರಾರ್ಧ ಸುಳ್ಳು ಕೂಡ. ಅದು ಏಡಿಯಲ್ಲ, ಜೇಡ ಮತ್ತು ಚೇಳುಗಳ ಬಳಗದ್ದು. ಮುಂದೆ ಲಾಳದಂತೆ ಬಾಗಿದ ಅಗಲವಾದ ಕವಚ, ಅದರ ಕೆಳಗೆ ಮರೆಯಾದ ಕಾಲುಗಳು, ಹಿಂದೆ ಸೂಜಿಯಂಥ ಉದ್ದ ಬಾಲ. ಇವತ್ತು ಬದುಕಿರುವ ಜಾತಿಗಳು ನಾಲ್ಕೇ: ಒಂದು ಅಮೆರಿಕದ ಅಟ್ಲಾಂಟಿಕ್ ತೀರದಲ್ಲಿ, ಮೂರು ಏಷ್ಯಾದಲ್ಲಿ, ಆ ಮೂರರಲ್ಲಿ ಎರಡು ಭಾರತದ ಪೂರ್ವ ಕರಾವಳಿಯಲ್ಲಿವೆ. ಕೆನಡಾದ ಮ್ಯಾನಿಟೋಬಾದಲ್ಲಿ ಸಿಕ್ಕ ಲೂನಟಾಸ್ಪಿಸ್ ಎಂಬ ಪಳೆಯುಳಿಕೆಗೆ ಸುಮಾರು 44.5 ಕೋಟಿ ವರ್ಷ. ಅದನ್ನು ನೋಡಿದ ಯಾರೂ ಇದು ಕುದುರೆಲಾಳದ ಏಡಿಯ ನೆಂಟನೆಂದು ಗುರುತಿಸದೆ ಇರಲಾರರು. ಅದಕ್ಕೇ ಈ ಪ್ರಾಣಿಗೆ 'ಜೀವಂತ ಪಳೆಯುಳಿಕೆ' ಎಂಬ ಬಿರುದು ಅಂಟಿಕೊಂಡಿದೆ. 1859ರಲ್ಲಿ ಆ ಮಾತನ್ನು ಬಳಸಿದ ಡಾರ್ವಿನ್ ಪ್ಲಾಟಿಪಸ್ಸಿನಂಥ ಬೇರೆ ಪ್ರಾಣಿಗಳ ಬಗ್ಗೆ ಹೇಳಿದ್ದ. ಬಿರುದು ಆಮೇಲೆ ಇತ್ತ ಹರಿದುಬಂತು. ಬಿರುದು ಬಂದ ಮೇಲೆ ಅದನ್ನು ಬಳಸಿಕೊಳ್ಳುವವರೂ ಬಂದರು. ಪ್ರಾಣಿಗಳು ಒಂದರಿಂದ ಒಂದು ಬಂದದ್ದಲ್ಲ, ಸೃಷ್ಟಿಕರ್ತ ಮಾಡಿಟ್ಟ ಹಾಗೇ ಇವೆ ಎನ್ನುವ ಮತಪ್ರಚಾರದ ಬರಹಗಳಲ್ಲಿ ಜೀವಂತ ಪಳೆಯುಳಿಕೆಗಳು ಕಾಯಂ ಸಾಕ್ಷಿಗಳು. ಇನ್ನಷ್ಟು ಸೌಮ್ಯವಾದ, ಹಾಗಾಗಿ ಇನ್ನಷ್ಟು ಗಟ್ಟಿಯಾದ ವಾದ ಒಂದಿದೆ. ಲೋಕವೆಲ್ಲ ಬದಲಾಗುತ್ತಿದ್ದರೂ ಅದರೊಳಗೆ ಬದಲಾಗದ್ದು ಒಂದಿದೆ ಎಂಬ ಧಾರ್ಮಿಕ ನಂಬಿಕೆಗೆ ಪ್ರಕೃತಿಯೇ ಕೊಟ್ಟ ಕುರುಹು ಇದು ಎನ್ನುವ ವಾದ. ನನ್ನ ತಕರಾರು ಈ ಎರಡನೆಯದರ ಜೊತೆ. ಕುದುರೆಲಾಳದ ಏಡಿ ನಿತ್ಯತೆಗೆ ಸಾಕ್ಷಿ ಹೇಳುವುದಿಲ್ಲ. ಅದು ಹೇಳುವುದು ಉಳಿಯುವುದೂ ಒಂದು ಬಗೆಯ ಬದಲಾವಣೆಯೇ ಎಂಬುದನ್ನು.

ಮೊದಲು ಕಲ್ಲಿನ ಮಾತು. ಈ ಪ್ರಾಣಿ ಕಲ್ಲಾಗುವುದಕ್ಕೆ ಹೇಳಿ ಮಾಡಿಸಿದ್ದೇನಲ್ಲ. ನಿಜವಾದ ಏಡಿಗಳ ಚಿಪ್ಪಿನಲ್ಲಿ, ಅಳಿದುಹೋದ ಟ್ರೈಲೊಬೈಟುಗಳ ಕವಚದಲ್ಲಿ ಸುಣ್ಣ ಬೆರೆತಿರುತ್ತದೆ. ಸತ್ತ ಮೇಲೂ ಅದು ಬೇಗ ಕರಗದು. ಕುದುರೆಲಾಳದ ಏಡಿಯ ಕವಚದಲ್ಲಿ ಸುಣ್ಣವಿಲ್ಲ, ಅದು ಜಿರಲೆಯ ರೆಕ್ಕೆಯ ಹಾಗೆ ಕೈಟಿನ್ ಮತ್ತು ಪ್ರೋಟೀನಿನದು. ಸಾಮಾನ್ಯ ಸಮುದ್ರತೀರದಲ್ಲಿ ಅದನ್ನು ಅಲೆ ಒಡೆಯುತ್ತದೆ, ಮೀನು ಹುಳು ಮುಕ್ಕುತ್ತವೆ, ಬ್ಯಾಕ್ಟೀರಿಯಾ ಕರಗಿಸುತ್ತವೆ. ಹಾಗಾಗಿ ಅದು ಉಳಿದಲ್ಲೆಲ್ಲ ಯಾವುದೋ ಅಸಾಮಾನ್ಯ ಸಂದರ್ಭ ಒದಗಿಬಂದಿರುತ್ತದೆ. ಜರ್ಮನಿಯ ಬವೇರಿಯಾದ ಝೋಲ್ನ್‌ಹೋಫೆನ್ ಅಂಥದೊಂದು ಜಾಗ. ಸುಮಾರು 15 ಕೋಟಿ ವರ್ಷಗಳ ಹಿಂದೆ ಅಲ್ಲಿ ಬಿಸಿ ಸಮುದ್ರದ ಹಿನ್ನೀರಿನ ಕೊಳಗಳಿದ್ದವು. ತಳದ ನೀರು ವಿಪರೀತ ಉಪ್ಪು, ಆಮ್ಲಜನಕ ಇಲ್ಲವೆಂಬಷ್ಟು ಕಡಿಮೆ. ಅಲ್ಲಿಗೆ ಬಿದ್ದದ್ದು ಸಾಯುತ್ತಿತ್ತು, ಸತ್ತದ್ದನ್ನು ತಿನ್ನಲು ಯಾರೂ ಇರುತ್ತಿರಲಿಲ್ಲ, ಹಿಟ್ಟಿನಷ್ಟು ನುಣ್ಣನೆಯ ಸುಣ್ಣದ ಕೆಸರು ಮೇಲೆ ನಿಧಾನವಾಗಿ ಕೂರುತ್ತಿತ್ತು. ಆ ಕಲ್ಲು ಎಷ್ಟು ನುಣುಪೆಂದರೆ ಹದಿನೆಂಟನೆಯ ಶತಮಾನದ ಕೊನೆಗೆ ಅಲೋಯಿಸ್ ಸೆನೆಫೆಲ್ಡರ್ ಅದೇ ಕಲ್ಲಿನ ಮೇಲೆ ಬರೆದು ಕಲ್ಲಚ್ಚಿನ ಮುದ್ರಣವನ್ನು ಕಂಡುಹಿಡಿದ. (ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರಲ್ಲಿ ಹೊರಬಂದದ್ದು ಕಲ್ಲಚ್ಚಿನಲ್ಲೇ.) ಮೆಸೊಲಿಮುಲಸ್ ಎಂಬ ಕುದುರೆಲಾಳದ ಏಡಿ ಝೋಲ್ನ್‌ಹೋಫೆನ್ನಿನ ಹಾಳೆಗಲ್ಲುಗಳ ನಡುವೆ ಬಾಲದ ತುದಿಯ ತನಕ ಅಚ್ಚಾಗಿ ಸಿಗುತ್ತದೆ.

ಕೊಳೆಯದೆ ಇದ್ದದ್ದರಿಂದ ಉಳಿಯಿತು ಎಂದು ನಾವು ಸಹಜವಾಗಿ ಊಹಿಸುತ್ತೇವೆ. ಅದು ಅರ್ಧ ನಿಜ. ಮೆಜಾನ್ ಕ್ರೀಕಿನಲ್ಲಿ ಆದದ್ದು ಬಹುಮಟ್ಟಿಗೆ ಅದರ ವಿರುದ್ಧ. ಅಲ್ಲಿ ಹೊಳೆ ತಂದ ಕೆಸರಿನಲ್ಲಿ ಹೂತುಹೋದ ದೇಹವನ್ನು ಬ್ಯಾಕ್ಟೀರಿಯಾ ಕೊಳೆಸಲು ತೊಡಗಿದವು. ಕೊಳೆಯುವಾಗ ಹೊರಬಿದ್ದ ಇಂಗಾಲದ ಡೈ ಆಕ್ಸೈಡು ಕೆಸರಿನ ನೀರಿನಲ್ಲಿದ್ದ ಕಬ್ಬಿಣದ ಜೊತೆ ಸೇರಿ ಸಿಡರೈಟ್ ಎಂಬ ಕಲ್ಲಾಗಿ ದೇಹದ ಸುತ್ತ ಗಟ್ಟಿಕಟ್ಟಿತು. ದೇಹವನ್ನು ಅಳಿಸಲು ಹೊರಟ ಕ್ರಿಯೆಯೇ ಅದಕ್ಕೆ ಪೆಟ್ಟಿಗೆ ಕಟ್ಟಿಕೊಟ್ಟಿತು. ಕೊಳೆತ ತುಸು ಬೇಗ ಮುಗಿದಿದ್ದರೆ ಆಕಾರ ಇರುತ್ತಿರಲಿಲ್ಲ. ಕೊಳೆತವೇ ಇರದಿದ್ದರೆ ಉಂಡೆಗಲ್ಲು ಇರುತ್ತಿರಲಿಲ್ಲ. ಜರ್ಮನಿಯದೇ ಇನ್ನೊಂದು ಜಾಗ ನುಸ್‌ಪ್ಲಿಂಗೆನ್. ಅಲ್ಲಿನ ಮೆಸೊಲಿಮುಲಸ್ ಒಂದರ ಸ್ನಾಯುವಿನ ಎಳೆಗಳು ಕ್ಯಾಲ್ಸಿಯಂ ಫಾಸ್ಫೇಟಿನಲ್ಲಿ ಅಚ್ಚಾಗಿ ಉಳಿದಿವೆ, ಮತ್ತು ಎಳೆಗಳ ನಡುವೆ ಅವನ್ನು ತಿನ್ನಲು ನುಗ್ಗಿದ ಸೂಕ್ಷ್ಮಜೀವಿಗಳೂ ಹಾಗೇ ಕಲ್ಲಾಗಿ ಕೂತಿವೆ. ಉಂಡವರೂ ಊಟವೂ ಒಂದೇ ಪಂಕ್ತಿಯಲ್ಲಿ. ಈ ಮೂರು ಜಾಗಗಳನ್ನು ಒಟ್ಟಿಗೆ ನೋಡಿದರೆ ಒಂದು ವಿಷಯ ಎದ್ದು ಕಾಣುತ್ತದೆ. ಉಳಿಕೆ, ಅಳಿವು ಎಂದು ನಾವು ಎರಡು ಹೆಸರಿಟ್ಟು ಎದುರುಬದುರು ನಿಲ್ಲಿಸುವುದು ಕೆಸರಿನೊಳಗೆ ಒಂದೇ ಕೆಲಸದ ಎರಡು ಹಂತ. ಸ್ನಾಯು ಹೋದ ಹಾಗೆ ಫಾಸ್ಫೇಟ್ ಬಂತು, ಮಿದುಳು ಹೋದ ಮೇಲೆ ಜೇಡಿ ಬಂತು. ಪಳೆಯುಳಿಕೆ ಎಂಬ ಕನ್ನಡದ ಮಾತಿನಲ್ಲಿ ಹಳೆಯದು ಉಳಿದಿದೆ ಎಂಬ ಧ್ವನಿಯಿದೆ. ಇಂಥ ಕಡೆ ಉಳಿದಿರುವುದು ಹಳೆಯದರ ಜಾಗಕ್ಕೆ ಬಂದ ಹೊಸದು.

ಮಣ್ಣಿನ ದೃಷ್ಟಾಂತದ ಜೊತೆ ನಮ್ಮ ತತ್ತ್ವಪರಂಪರೆಯಲ್ಲಿ ಚಿನ್ನದ್ದೊಂದು ಇದೆ. ಹಳಗನ್ನಡದ ಜೈನ ಕವಿಗಳು ಭಕ್ತಿಯಿಂದ ನೆನೆಯುವ ಸಮಂತಭದ್ರ ತನ್ನ 'ಆಪ್ತಮೀಮಾಂಸೆ'ಯಲ್ಲಿ ಅದನ್ನು ಸೊಗಸಾಗಿ ಬಳಸುತ್ತಾನೆ. ಚಿನ್ನದ ಕೊಡವನ್ನು ಕರಗಿಸಿ ಕಿರೀಟ ಮಾಡಿದರೆ, ಕೊಡ ಬೇಕೆಂದಿದ್ದವನು ಅಳುತ್ತಾನೆ, ಕಿರೀಟ ಬೇಕೆಂದಿದ್ದವನು ನಲಿಯುತ್ತಾನೆ, ಬರೀ ಚಿನ್ನ ಬೇಕೆಂದಿದ್ದವನಿಗೆ ದುಃಖವೂ ಇಲ್ಲ ಸಂತೋಷವೂ ಇಲ್ಲ. ಹುಟ್ಟು, ಅಳಿವು, ಸ್ಥಿರತೆ ಮೂರೂ ಒಂದೇ ವಸ್ತುವಿನಲ್ಲಿ ಒಂದೇ ಹೊತ್ತಿಗೆ ಇವೆ ಎಂದು ತೋರಿಸಲು ಇದಕ್ಕಿಂತ ಒಳ್ಳೆಯ ಕತೆ ಸಿಗಲಾರದು. ಆದರೆ ಉದ್ದಾಲಕನಿಗೂ ಸಮಂತಭದ್ರನಿಗೂ, ಅವರ ಮತಗಳು ಎಷ್ಟೇ ದೂರವಿದ್ದರೂ, ಈ ಒಂದು ಕಡೆ ಒಮ್ಮತವಿದೆ: ಮಣ್ಣೋ ಚಿನ್ನವೋ, ನಿಲ್ಲುವುದು ಅದು, ರೂಪ ಬಂದುಹೋಗುವಂಥದು. ಮೆಜಾನ್ ಕ್ರೀಕಿನ ಅಕ್ಕಸಾಲೆ ಬೇರೆ ಬಗೆಯವನು. ಅವನ ಅಂಗಡಿಗೆ ಬೆಳಿಗ್ಗೆ ಬಂದು ನೋಡಿದರೆ ಚಿನ್ನವೆಲ್ಲ ಕಳುವಾಗಿದೆ, ಕಿರೀಟ ಮಾತ್ರ ಇಟ್ಟಲ್ಲೇ ಇದೆ. ಈಗ ಅಳಬೇಕಾದವನು ಚಿನ್ನ ಬೇಕೆಂದಿದ್ದವನು. ಇದು ಕಲ್ಲಿನ ವಿಚಿತ್ರ ಮಾತ್ರ, ಬದುಕಿರುವ ಪ್ರಾಣಿಯ ಸಂಗತಿ ಬೇರೆ ಎಂದೂ ತಳ್ಳಿಹಾಕುವಂತಿಲ್ಲ. ಬಾಲಸೋರಿನ ಮರಳಿನಲ್ಲಿ ಮೊಟ್ಟೆಯಿಡುವ ಏಡಿಯ ಮೈಯಲ್ಲಿ ಅದರ ಪೂರ್ವಜರ ಮೈಯ ದ್ರವ್ಯ ಇಲ್ಲ. ತಿಂದ ಹುಳು ಚಿಪ್ಪುಗಳಿಂದ, ಕುಡಿದ ನೀರಿನಿಂದ ಅದು ತನ್ನನ್ನು ತಾನು ಕಟ್ಟಿಕೊಂಡಿದೆ. ತಲೆಮಾರಿನಿಂದ ತಲೆಮಾರಿಗೆ ದಾಟಿದ್ದು ವಿನ್ಯಾಸ. ಸತ್ತ ಏಡಿ ಕಲ್ಲಿನಲ್ಲಿ ಉಳಿದ ಬಗೆಯೂ ಜೀವಂತ ಏಡಿ ಕಡಲಿನಲ್ಲಿ ಉಳಿದ ಬಗೆಯೂ ಈ ಮಟ್ಟಿಗೆ ಒಂದೇ.

ಇಲ್ಲಿ ಒಂದು ಆಕ್ಷೇಪ ತಾನಾಗಿ ಏಳುತ್ತದೆ. ದ್ರವ್ಯ ಹೋಗಿ ಆಕಾರ ಉಳಿಯುವುದಾದರೆ ಆಕಾರವೇ ನಿತ್ಯ ಎನ್ನಬಹುದಲ್ಲ? ನ್ಯಾಯ ವೈಶೇಷಿಕರು 'ಜಾತಿ' ಎನ್ನುವುದು ಇದಕ್ಕೆ ಹತ್ತಿರದ್ದು: ಹಸುಗಳು ಹುಟ್ಟಿ ಸಾಯುತ್ತವೆ, ಗೋತ್ವ ಹುಟ್ಟುವುದೂ ಇಲ್ಲ ಸಾಯುವುದೂ ಇಲ್ಲ. ಯೂಪ್ರೂಪ್ಸಿನ ಮಿದುಳು ಈ ವಾದಕ್ಕೆ ದೊಡ್ಡ ಬಲ, ಅದನ್ನು ಮುಚ್ಚಿಡುವಂತಿಲ್ಲ. 31 ಕೋಟಿ ವರ್ಷಗಳ ಹಿಂದಿನ ಆ ನರಗಳ ಜೋಡಣೆ ಇವತ್ತಿನ ಅಮೆರಿಕದ ಏಡಿಯ ಜೋಡಣೆಗೆ ಬೆರಗಾಗುವಷ್ಟು ಹತ್ತಿರವಿದೆ. ಆದರೆ ಇಡೀ ಪ್ರಾಣಿಯನ್ನು ನೋಡಿದರೆ ಯೂಪ್ರೂಪ್ಸ್ ಇವತ್ತಿನದರ ಪ್ರತಿಯಲ್ಲ. ಅಂಗೈಯಲ್ಲಿ ಹಿಡಿಯುವ ಗಾತ್ರ, ಅಂಚಿನ ಸುತ್ತ ಮುಳ್ಳು. ಆಸ್ಟ್ರೇಲಿಯಾದ ಆಸ್ಟ್ರೊಲಿಮುಲಸ್ ಎಂಬುದಕ್ಕೆ ತಲೆಯ ಎರಡೂ ಬದಿಗೆ ಕುಡುಗೋಲಿನ ಹಾಗೆ ಉದ್ದ ಕೊಂಬುಗಳು ಚಾಚಿಕೊಂಡಿದ್ದವು. ಕಡಲನ್ನೇ ಬಿಟ್ಟು ಸಿಹಿನೀರಿಗೆ ಹೋದ ಕವಲುಗಳಿದ್ದವು. ಆ ಕವಲುಗಳೆಲ್ಲ ಒಣಗಿದವು. ಒಣಗದೆ ಉಳಿದ ಒಂದು ಕವಲನ್ನು ಹಿಡಿದು ಹಿಂದಕ್ಕೆ ನೋಡುತ್ತ, ಅದರಂತಿರುವುದನ್ನು ಮಾತ್ರ ಆಯ್ದು ಸಾಲಾಗಿ ಇಟ್ಟರೆ ಬದಲಾಗದ ಆಕಾರವೊಂದು ಸಿಕ್ಕೇ ಸಿಗುತ್ತದೆ. ಉಳಿದ ಒಂದು ಮನೆಯನ್ನು ನೋಡಿ ಈ ಬೀದಿಯಲ್ಲಿ ಯಾವತ್ತೂ ಇಂಥದೇ ಮನೆಗಳಿದ್ದವು ಎಂದಂತೆ ಇದು. ಇನ್ನು ಕಲ್ಲಿಗೆ ಇಳಿಯದ ಭಾಗ. ಈ ವಂಶದ ಜೀನ್‌ಗಳ ಇಡೀ ಕಂತೆಯೇ ಒಂದಕ್ಕಿಂತ ಹೆಚ್ಚು ಸಲ ಇಮ್ಮಡಿಯಾಗಿದೆ ಎಂದು ಕಳೆದ ದಶಕದ ಸಂಶೋಧನೆಗಳು ತೋರಿಸಿವೆ. ಹೊರಗೆ ಗೋಡೆ ಬಣ್ಣವೂ ಬದಲಾಗಿಲ್ಲ ಎನ್ನಿಸುವ ಮನೆಯ ಒಳಗೆ ಅಡಿಪಾಯವನ್ನೇ ಎಬ್ಬಿಸಿ ಕಟ್ಟಿದ್ದಾರೆ.

ಆಕಾರದ ಮಾತಿನಲ್ಲೇ ಇನ್ನೊಂದು ತೊಡಕಿದೆ. ಕುದುರೆಲಾಳದ ಏಡಿ ಬೆಳೆಯಬೇಕಾದರೆ ಕವಚ ಕಳಚಬೇಕು. ಅಮೆರಿಕದ ಜಾತಿ ಪ್ರಾಯಕ್ಕೆ ಬರುವಷ್ಟರಲ್ಲಿ ಸುಮಾರು 16ರಿಂದ 18 ಸಲ ಪೊರೆ ಬಿಡುತ್ತದೆ. ತಲೆಯ ಕವಚದ ಮುಂದಿನ ಅಂಚು ಬಿರಿಯುತ್ತದೆ, ಪ್ರಾಣಿ ಅದರೊಳಗಿಂದ ಮುಂದಕ್ಕೆ ನಡೆದು ಹೊರಬರುತ್ತದೆ, ಹಿಂದೆ ಉಳಿಯುವುದು ಕಾಲುಗಳ ಪೊರೆಯೂ ಸೇರಿದ ಪೂರ್ತಿ ಪ್ರತಿಕೃತಿ. ಪಳೆಯುಳಿಕೆಗಳಲ್ಲಿ ಎಷ್ಟೋ ಇಂಥ ಪೊರೆಗಳು. ಬೃಹದಾರಣ್ಯಕದಲ್ಲಿ ಹುತ್ತದ ಮೇಲೆ ಬಿದ್ದ ಹಾವಿನ ಪೊರೆ ಜ್ಞಾನಿ ಬಿಟ್ಟುಹೋದ ದೇಹಕ್ಕೆ ಉಪಮೆ. ಪೊರೆ ಜಡ, ಹೊರಟವನು ಅಮೃತ. ಉಪಮೆಯ ಸೊಬಗಿನ ಬಗ್ಗೆ ನನಗೆ ತಕರಾರಿಲ್ಲ. ಆದರೆ ಕಡಲ ಕೆಸರಿನಲ್ಲಿ ಹೊರಟದ್ದು ಸತ್ತು ಕರಗಿ ಹೆಸರಿಲ್ಲದಾಯಿತು, 15 ಕೋಟಿ ವರ್ಷ ನಿಂತದ್ದು ಪೊರೆ. ಒಂದೇ ಪ್ರಾಣಿ ಹತ್ತು ಹದಿನೈದು ಕಡೆ ಹತ್ತು ಹದಿನೈದು ಗಾತ್ರದ ಉಳಿಕೆಗಳನ್ನು ಬಿಟ್ಟು, ಕೊನೆಗೆ ತಾನು ಏನನ್ನೂ ಉಳಿಸದೆ ಹೋಗಿರಬಹುದು. ಹಾಗಾದಾಗ ಕಲ್ಲಿನಲ್ಲಿರುವ ಆಕಾರ ಸಾವಿನ ಗುರುತೂ ಅಲ್ಲ. ಇದು ಸಾಲದು, ಈ ಮೈ ಚಿಕ್ಕದಾಯಿತು ಎಂದು ಬದುಕು ಬಿಸುಟದ್ದು ಅದು. ಯಾವುದನ್ನು ನಿತ್ಯವಾದ ಆಕಾರವೆಂದು ತೋರಿಸುತ್ತೇವೆಯೋ ಅದು ಆ ಪ್ರಾಣಿಗೇ ಹಳತಾಗಿತ್ತು.

ಹಾಗಿದ್ದೂ ಮ್ಯೂಸಿಯಮ್ಮಿನಲ್ಲಿ ಮೆಸೊಲಿಮುಲಸ್ ನೋಡಿದವರಿಗೆ 'ಇದು ಅದೇ' ಎನ್ನಿಸುತ್ತದಲ್ಲ, ಆ ಅನ್ನಿಸಿಕೆಗೆ ಬೆಲೆಯಿಲ್ಲವೇ? ನಮ್ಮ ದಾರ್ಶನಿಕರು ಇದಕ್ಕೆ ಪ್ರತ್ಯಭಿಜ್ಞೆ ಎಂದು ಹೆಸರಿಟ್ಟು ನೂರಾರು ವರ್ಷ ಜಗಳವಾಡಿದ್ದಾರೆ. ಹಿಂದೆ ಕಂಡ ದೇವದತ್ತನೇ ಇವನು ಎಂಬ ಗುರುತು ವಸ್ತು ಸ್ಥಿರವಾಗಿದೆ ಎಂಬುದಕ್ಕೆ ಪ್ರಮಾಣ ಎಂದು ನೈಯಾಯಿಕರೂ ಮೀಮಾಂಸಕರೂ ಹೇಳಿದರು. ಬೌದ್ಧರು ಕತ್ತರಿಸಿದ ಮೇಲೆ ಮತ್ತೆ ಬೆಳೆದ ಉಗುರನ್ನು, ಕೂದಲನ್ನು, ಇರುಳೆಲ್ಲ ಉರಿಯುವ ದೀಪದ ಕುಡಿಯನ್ನು ತೋರಿಸಿದರು. ಅಲ್ಲೂ 'ಅದೇ' ಎನ್ನುತ್ತೇವೆ, ಆದರೆ ಅದಲ್ಲ, ಅದರಂಥದು. ಏಡಿಯ ವಿಷಯದಲ್ಲಿ ಬೌದ್ಧರ ಉದಾಹರಣೆ ಅಕ್ಷರಶಃ ಕೂರುತ್ತದೆ. ಕವಚವೆಂದರೆ ಮತ್ತೆ ಮತ್ತೆ ಬೆಳೆಯುವ ಉಗುರಲ್ಲದೆ ಮತ್ತೇನು? ಇದಕ್ಕೆ ಶಂಕರರು ಬ್ರಹ್ಮಸೂತ್ರಭಾಷ್ಯದಲ್ಲಿ ಕೊಡುವ ಉತ್ತರ ಎಲ್ಲರೂ ಬಲ್ಲದ್ದು: ಇದು ಅದರಂತಿದೆ ಎನ್ನಲಾದರೂ ಎರಡನ್ನೂ ಕಂಡ ಒಬ್ಬನು ಬೇಕು, ಆ ಒಬ್ಬನು ಕ್ಷಣಿಕನಾಗಿರಲಾರ. ಜನ ಗಮನಿಸದೆ ದಾಟುವುದು ಅದರ ಜೊತೆಗೇ ಅವರು ಬಿಟ್ಟುಕೊಡುವ ಮಾತನ್ನು. ಹೊರಗಿನ ವಸ್ತುವಿನಲ್ಲಿ, ಇದು ಅದೇ ಇರಬಹುದೋ ಅದರಂಥದೋ ಎಂಬ ಸಂಶಯಕ್ಕೆ ಎಡೆಯುಂಟು. ಕಾಣುವವನ ವಿಷಯದಲ್ಲಿ ಮಾತ್ರ ಇಲ್ಲ ಎನ್ನುತ್ತಾರೆ ಅವರು. ಅಂದರೆ ಆತ್ಮ ನಿತ್ಯವೆಂದು ಸಾಧಿಸಹೊರಟ ಆಚಾರ್ಯರೇ ಹೊರಗಿನ ವಸ್ತುವಿನ ಸಾಮ್ಯವನ್ನು ಸಾಕ್ಷಿಗೆ ಕರೆಯಲಿಲ್ಲ. ಅವರ ಹೆಸರಿನಲ್ಲಿ ಈಗ ಕುದುರೆಲಾಳದ ಏಡಿಯನ್ನು ಕಟಕಟೆಗೆ ತರುವುದು ಅವರಿಗೂ ಒಪ್ಪಿಗೆಯಾಗುವ ಕೆಲಸವಲ್ಲ. ಸಾಮ್ಯ ನಮ್ಮ ಕಣ್ಣಿಗೆ ಇಷ್ಟು ಬೇಗ ಹೊಳೆಯುವುದೇಕೆ ಎಂಬುದಕ್ಕೆ ಏಡಿಯೇ ಒಂದು ಸುಳಿವು ಕೊಟ್ಟಿದೆ, ಅದು ಬೇರೆ ತಮಾಷೆ. ಹಾಲ್ಡನ್ ಕೆಫರ್ ಹಾರ್ಟ್‌ಲೈನ್ ಇದೇ ಪ್ರಾಣಿಯ ಕಣ್ಣಿನ ನರಗಳನ್ನು ಅಳೆದು, ಬೆಳಕು ಬಿದ್ದ ಒಂದು ಕಣ ಪಕ್ಕದ ಕಣಗಳನ್ನು ಅಡಗಿಸುವುದರಿಂದ ಅಂಚುಗಳು ಇರುವುದಕ್ಕಿಂತ ಎದ್ದು ಕಾಣುತ್ತವೆ ಎಂದು ತೋರಿಸಿದ; 1967ರ ನೊಬೆಲ್ ಬಹುಮಾನದಲ್ಲಿ ಪಾಲು ಪಡೆದ. ಅಂಚನ್ನು ಮೊದಲು ಕಾಣುವುದು, ತಿರುಳನ್ನು ಆಮೇಲೆ ಕಾಣುವುದು ಕಣ್ಣಿನ ಹುಟ್ಟುಗುಣ.

ಇಷ್ಟು ಹೇಳಿದ ಮೇಲೆ ಎದುರು ಪಕ್ಷದವರು ಕೇಳಬಹುದಾದ ಕಠಿಣ ಪ್ರಶ್ನೆ ಬೇರೆ ಇದೆ. ಕಲ್ಲು ಇಷ್ಟು ಪಕ್ಷಪಾತಿ, ಉಳಿಸಿದ್ದು ಪೊರೆ, ತುಂಬಿದ್ದು ಪರವಸ್ತು ಎನ್ನುವುದಾದರೆ ಕೊಂಬಿನ ಏಡಿಯಿತ್ತು, ಸಿಹಿನೀರಿನದಿತ್ತು ಎಂದು ನೀವು ಹೇಳುವುದನ್ನು ತಾನೇ ಹೇಗೆ ನಂಬುವುದು? ನ್ಯಾಯಸೂತ್ರ ಎದುರಿಸಿದ್ದು ಇದೇ ಪ್ರಶ್ನೆಯನ್ನು. ಕಾರ್ಯವನ್ನು ನೋಡಿ ಕಾರಣವನ್ನು ಊಹಿಸುವುದು ಶೇಷವತ್ ಅನುಮಾನ; ಹೊಳೆ ಉಕ್ಕಿದ್ದನ್ನು ಕಂಡು ಮೇಲೆ ಮಳೆಯಾಗಿದೆ ಎನ್ನುವುದು ಅದರ ಉದಾಹರಣೆ. ಕೆಳಗೆ ಕಟ್ಟೆ ಕಟ್ಟಿದರೂ ಹೊಳೆ ಉಕ್ಕುತ್ತದಲ್ಲ ಎಂಬುದು ಆಕ್ಷೇಪ. ಉತ್ತರ ಹೀಗೆ: ಮಳೆಯ ಪ್ರವಾಹವೇ ಬೇರೆ, ಕಟ್ಟೆಯ ನೀರೇ ಬೇರೆ. ಸೆಳವು, ನೊರೆ, ತೇಲಿಬರುವ ಹಣ್ಣು ಎಲೆ ಕಟ್ಟಿಗೆ ಎಲ್ಲವನ್ನೂ ನೋಡಿ ಊಹಿಸಿದವನು ತಪ್ಪುವುದಿಲ್ಲ. ಒಂದಂಶ ನೋಡಿ ಹಾರಿದವನು ತಪ್ಪಿದರೆ ತಪ್ಪು ಅವನದು, ಅನುಮಾನದ್ದಲ್ಲ. ಝೋಲ್ನ್‌ಹೋಫೆನ್ನಿನ ಕೆಲವು ಹೆಜ್ಜೆಗುರುತುಗಳ ಕತೆ ಇದಕ್ಕೆ ಒಳ್ಳೆಯ ನಿದರ್ಶನ. ಬೆರಳುಗಳಿರುವಂತೆ ಕಾಣುವ ಆ ಗುರುತುಗಳನ್ನು ಹಿಂದಿನವರು ಹಕ್ಕಿಯವೋ ಹಾರುವ ಸರೀಸೃಪದವೋ ಎಂದುಕೊಂಡಿದ್ದರು. ಕುದುರೆಲಾಳದ ಏಡಿಯ ಕೊನೆಯ ಜೋಡಿ ಕಾಲುಗಳ ತುದಿ ಕೆಸರಿನಲ್ಲಿ ಎಸಳುಗಳಾಗಿ ಬಿಚ್ಚಿಕೊಳ್ಳುತ್ತದೆ ಎಂಬುದನ್ನೂ ಉಳಿದ ಕಾಲುಗಳ ಚಿಕ್ಕ ಗುರುತುಗಳನ್ನೂ ನಡುವಿನ ಬಾಲದ ಗೀರನ್ನೂ ಕೂಡಿಸಿ ನೋಡಿದ ಮೇಲೆ ಹಕ್ಕಿ ಹಾರಿಹೋಯಿತು. ಪೊರೆಯೋ ಹೆಣವೋ ಎಂದು ತೀರ್ಮಾನಿಸುವುದೂ ಹೀಗೇ: ಮುಂದಿನ ಅಂಚು ಬಿರಿದಿದೆಯೇ, ಒಳಗೆ ಸ್ನಾಯುವಿನ ಕುರುಹಿದೆಯೇ ಎಂದು ನೋಡಿ. ಕಲ್ಲು ಪಕ್ಷಪಾತಿ ಎಂದು ತಿಳಿದಿರುವುದೇ ಅದರ ಮಾತನ್ನು ತೂಗಲು ಕಲಿಸುತ್ತದೆ. ಸಿಗದೆ ಇರುವುದರ ವಿಷಯದಲ್ಲಿ ಭಾಟ್ಟ ಮೀಮಾಂಸಕರ ಎಚ್ಚರ ಇನ್ನೂ ಸೂಕ್ಷ್ಮವಾದದ್ದು. ಕಾಣದಿರುವುದೂ ಒಂದು ಪ್ರಮಾಣ, ಅನುಪಲಬ್ಧಿ, ಎಂದು ಅವರು ಒಪ್ಪುತ್ತಾರೆ. ಆದರೆ ವಸ್ತು ಇದ್ದಿದ್ದರೆ ಕಾಣಲೇಬೇಕಾಗಿತ್ತು ಎನ್ನುವಂಥ ಕಡೆ ಮಾತ್ರ. ಬೆಳಕಿರುವ ಕೋಣೆಯಲ್ಲಿ ಕೊಡ ಕಾಣದಿದ್ದರೆ ಕೊಡವಿಲ್ಲ, ಕತ್ತಲೆಯಲ್ಲಿ ಕಾಣದಿದ್ದರೆ ಏನೂ ಹೇಳುವಂತಿಲ್ಲ. ಒರಟು ಮರಳುಗಲ್ಲಿನಲ್ಲಿ ಸುಣ್ಣವಿಲ್ಲದ ಕವಚ ಸಿಗದಿದ್ದರೆ ಅದು ಕತ್ತಲೆಯ ಕೋಣೆ. ಹೀಗಾಗಿ ಕುದುರೆಲಾಳದ ಏಡಿಯ 44 ಕೋಟಿ ವರ್ಷಗಳ ಚರಿತ್ರೆ ಎಂಬುದು ಕೆಲವೇ ದೀಪ ಹಚ್ಚಿದ ಕೋಣೆಗಳ ಸಾಲು. ದೀಪದಿಂದ ದೀಪಕ್ಕೆ ನಡುವೆ ಏನೂ ಬದಲಾಗಲಿಲ್ಲ ಎನ್ನುವವರು ಕತ್ತಲೆಯನ್ನು ಸಾಕ್ಷಿಯಾಗಿ ಎಣಿಸುತ್ತಿದ್ದಾರೆ.

ವೇದಾಂತಿ ಇನ್ನೊಂದು ಮಾತು ಹೇಳಬಹುದು, ಅದು ನ್ಯಾಯವಾದದ್ದೇ. ಉದ್ದಾಲಕನ ಮಣ್ಣು ದೃಷ್ಟಾಂತ ಮಾತ್ರ. ಅವನ ಲಕ್ಷ್ಯ 'ಸತ್'. ಮಿದುಳೂ ಜೇಡಿಯೂ ಎರಡೂ ಇವೆ, ಆ ಇರುವಿಕೆ ಕದಲಲಿಲ್ಲ, ನಿಮ್ಮ ಉಂಡೆಗಲ್ಲು ಅದನ್ನು ಮುಟ್ಟಲೂ ಇಲ್ಲ. ಒಪ್ಪುತ್ತೇನೆ. ಒಪ್ಪಿದರೆ ಮಾತ್ರ ಒಂದು ಬೆಲೆ ತೆರಬೇಕಾಗುತ್ತದೆ: ಆ 'ಸತ್' ದೀಪದ ಸುತ್ತ ಒಂದು ರಾತ್ರಿ ಹಾರಿ ಸಾಯುವ ಹುಳುವಿನಲ್ಲಿ ಎಷ್ಟಿದೆಯೋ ಕುದುರೆಲಾಳದ ಏಡಿಯಲ್ಲೂ ಅಷ್ಟೇ ಇದೆ. ಕೋಟಿ ವರ್ಷಗಳ ಲೆಕ್ಕ ಅದಕ್ಕೆ ಒಂದು ಗುಲಗಂಜಿಯನ್ನೂ ಕೂಡಿಸುವುದಿಲ್ಲ. ತುಂಬ ಕಾಲ ಇರುವುದನ್ನು ಕಾಲವಿಲ್ಲದ್ದರ ನೆರಳೆಂದು ತಿಳಿಯುವ ನಮ್ಮ ಅಭ್ಯಾಸ, ಹಳೆಯ ಮರಕ್ಕೆ, ಹಳೆಯ ಕಲ್ಲಿಗೆ, ಹಳೆಯ ಮಠಕ್ಕೆ ಬೇರೆ ಬೇರೆ ಮಟ್ಟದಲ್ಲಿ ಕೈಮುಗಿಸುವ ಅಭ್ಯಾಸ, ಇಲ್ಲಿ ಆಧಾರ ಕಳೆದುಕೊಳ್ಳುತ್ತದೆ. ಹಾಗೆಂದು ಬೌದ್ಧನಿಗೂ ಪೂರ್ತಿ ಗೆಲುವಿಲ್ಲ. ಎಲ್ಲವೂ ಕ್ಷಣಕ್ಷಣಕ್ಕೆ ಬೇರೆಯಾಗುತ್ತಿದೆ ಎಂಬುದಷ್ಟೇ ಮಾತಾದರೆ, ಲಾಳದ ಆಕಾರ ಯಾಕೆ ಉಳಿಯಿತು, ಕುಡುಗೋಲಿನ ಕೊಂಬು ಯಾಕೆ ಉಳಿಯಲಿಲ್ಲ ಎಂಬುದಕ್ಕೆ ಉತ್ತರವಿಲ್ಲ. ಕ್ಷಣಿಕತೆ ಎರಡಕ್ಕೂ ಸಮಾನ. ಹಾಗಾಗಿ ಅವನೂ ಸಂತಾನ, ಕಾರಣಪರಂಪರೆ ಎಂದು ಮುಂದುವರಿಯಬೇಕಾಗುತ್ತದೆ, ಮುಂದುವರಿದಿದ್ದಾನೆ ಕೂಡ. ಆ ದಾರಿಯಲ್ಲಿ ನಾನೂ ಅವನ ಜೊತೆ ಸ್ವಲ್ಪ ದೂರ ನಡೆಯಬಲ್ಲೆ. ಆಕಾರ ತಾನಾಗಿ ನಿಲ್ಲುವುದಿಲ್ಲ. ಪ್ರತಿ ತಲೆಮಾರಿನಲ್ಲೂ ಭರತದ ರಾತ್ರಿ ದಡಕ್ಕೆ ಬಂದು ಮರಳಿನಲ್ಲಿ ಮೊಟ್ಟೆಯಿಟ್ಟು, ಪೊರೆ ಕಳಚಿ ಮತ್ತೆ ಕಟ್ಟಿ, ಸರಿಹೊಂದದ ಮಾರ್ಪಾಡುಗಳು ಸತ್ತುಹೋಗಿ, ಅದು ಮಾಡಿದಷ್ಟು ದಿನ ಇರುತ್ತದೆ. ಕಲ್ಲಿನೊಳಗೂ ಹಾಗೇ: ಒಂದು ಖನಿಜ ಇನ್ನೊಂದರ ಜಾಗಕ್ಕೆ ಬರುತ್ತಿದ್ದಷ್ಟೂ ಹೊತ್ತು. ಸಮಂತಭದ್ರನ ಮೂರು ಪದಗಳಲ್ಲಿ ಸ್ಥಿರತೆ ಕೊನೆಯದು. ಅದನ್ನು ಉಳಿದೆರಡರ ಪಕ್ಕದಲ್ಲಿ ಇಡದೆ ಅವೆರಡರಿಂದಲೇ ಆದದ್ದು ಎಂದು ಓದಬೇಕು ಎಂಬುದಷ್ಟೇ ಅವನ ಮಾತಿಗೆ ನಾನು ಮಾಡಬಯಸುವ ತಿದ್ದುಪಡಿ.

ಬವೇರಿಯಾದ ಅದೇ ಸುಣ್ಣಗಲ್ಲಿನಲ್ಲಿ, ವಿಂಟರ್ಸ್‌ಹೋಫ್ ಬಳಿ ಸಿಕ್ಕ ಒಂದು ಹಾಸಿನ ವಿವರ 2012ರಲ್ಲಿ ಪ್ರಕಟವಾಯಿತು. ಈಗ ಅದು ಅಮೆರಿಕದ ವಯೋಮಿಂಗ್ ರಾಜ್ಯದ ಥರ್ಮಾಪೊಲಿಸ್ ಊರಿನ ಡೈನೊಸಾರ್ ಮ್ಯೂಸಿಯಮ್ಮಿನಲ್ಲಿದೆ. ಅದರ ಮೇಲೆ 9.7 ಮೀಟರ್ ಉದ್ದದ ಹೆಜ್ಜೆಗಳ ಸಾಲು. ಸಾಲಿನ ಕೊನೆಗೆ ಆ ಹೆಜ್ಜೆಗಳನ್ನು ಇಟ್ಟ ಚಿಕ್ಕ ಮೆಸೊಲಿಮುಲಸ್. ಬಿರುಗಾಳಿಯೋ ಏನೋ ಅದನ್ನು ಆ ಉಪ್ಪು ಕೊಳಕ್ಕೆ ಎಸೆದಿರಬೇಕು. ತಳಕ್ಕೆ ಬಿದ್ದಾಗ ಅದು ಬೆನ್ನಡಿಯಾಗಿತ್ತು. ಮಗುಚಿಕೊಂಡು ಎದ್ದು ನಡೆಯತೊಡಗಿತು. ದಾರಿಯಲ್ಲಿ ಬಾಲದ ಗೀರು ಒಂದು ಕಡೆ ಆಳ, ಒಂದು ಕಡೆ ಇಲ್ಲವೇ ಇಲ್ಲ. ದಿಕ್ಕು ಬದಲಿಸಿದ ತಾಣಗಳಿವೆ. ಇಲ್ಲಿ ಕಲ್ಲಿಗೆ ಅಚ್ಚಾದ ಹೆಚ್ಚಿನ ಪಾಲು ದೇಹವಲ್ಲ, ಖನಿಜ ತುಂಬಿದ ಅಂಗವೂ ಅಲ್ಲ, ಕಾಲು ಊರಿ ತೆಗೆದ ಕಡೆ ಕೆಸರು ಸರಿದು ಆದ ಕುಳಿಗಳು. ಕಾಲು ಮೇಲೆದ್ದು ಮುಂದಕ್ಕೆ ಹೋದದ್ದರಿಂದಲೇ ಅವು ಆದವು.